ಹಿಂದಿನ ಕಿಟಕಿಯ ಬ್ರೆಡ್ಡು

ನನ್ನ ತಮ್ಮ ಬೇಕರಿಯವನು. ಭಾನುವಾರ ಅವನ ಅಂಗಡಿಯ ಮುಂಬಾಗಿಲು ತೆರೆದದ್ದನ್ನು ನಮ್ಮ ಬೀದಿಯಲ್ಲಿ ಯಾರೂ ಕಂಡವರಿಲ್ಲ. ಅದು ಕರ್ತನ ದಿನ, ಆ ದಿನ ವ್ಯಾಪಾರವಿಲ್ಲ. ಹಾಗಂತ ಅವನಿಗೆ ಯಾರೂ ಕಟ್ಟಳೆ ಹಾಕಿರಲಿಲ್ಲ, ಅವನೇ ಹಾಕಿಕೊಂಡದ್ದು. ಆದರೆ ಹಿಂದುಗಡೆ, ಚರ್ಚಿನ ಕಾಂಪೌಂಡಿಗೆ ಅಂಟಿಕೊಂಡ ಓಣಿಯಲ್ಲಿ, ಭಟ್ಟಿಯ ಕೋಣೆಗೆ ಒಂದು ಕಿಟಕಿಯಿತ್ತು. ಆರಾಧನೆಯ ಮೊದಲ ಗಂಟೆ ಹೊಡೆಯುವ ಹೊತ್ತಿಗೆ ಅದು ತೆರೆಯುತ್ತಿತ್ತು. ಅಷ್ಟರಲ್ಲಿ ಓಣಿಯಲ್ಲಿ ಸಾಲು ನಿಂತಿರುತ್ತಿತ್ತು. ಚಿಂದಿ ಆಯುವವರು, ಆಸ್ಪತ್ರೆಯಿಂದ ಬಿಡುಗಡೆಯಾಗಿ ಮನೆಗೆ ಹೋಗಲು ಮನೆಯೇ ಇಲ್ಲದವರು, ಕಂಕುಳಲ್ಲಿ ಕೂಸು ಇಟ್ಟುಕೊಂಡ ಹೆಂಗಸರು.

ತಮ್ಮ ಒಬ್ಬೊಬ್ಬರ ಕೈಗೂ ಬ್ರೆಡ್ಡು ಇಡುತ್ತ ಒಂದೇ ಮಾತು ಹೇಳುತ್ತಿದ್ದ. "ಉಳಿದುಬಿಟ್ಟಿದೆ ಕಣಮ್ಮ, ತಗೊಂಡ್ಹೋಗು. ಇಲ್ದಿದ್ರೆ ನಾಳೆ ನಾನೇ ಎಸೀಬೇಕು."

ಅದು ಅಪ್ಪಟ ಸುಳ್ಳು. ಶನಿವಾರ ಮಧ್ಯಾಹ್ನ ಅಂಗಡಿಯ ಬ್ರೆಡ್ಡು ಭಟ್ಟಿಯಿಂದ ಇಳಿದ ಮೇಲೆ, ಈ ಸಾಲಿಗೆಂದೇ ಅವನು ಇನ್ನೊಂದು ಸುತ್ತು ಹಿಟ್ಟು ನಾದುತ್ತಿದ್ದ. ಅವನ ಹೆಂಡತಿ, ಅಂದರೆ ನನ್ನ ನಾದಿನಿ, ಅಚ್ಚುಗಳಿಗೆ ಎಣ್ಣೆ ಸವರುತ್ತ ಕೇಳುತ್ತಿದ್ದಳು: "ಏನ್ರೀ, ಇವತ್ತು ಎಷ್ಟು ಉಳೀಬೇಕು?"

"ಹೋದ ವಾರ ಉಳಿದಷ್ಟೇ ಉಳೀಲಿ."

"ಹಿಟ್ಟು ಇನ್ನೂ ಉಬ್ಬೇ ಇಲ್ಲ, ಆಗಲೇ ಉಳಿದೂ ಆಯ್ತು. ನಿಮ್ಮ ಭಟ್ಟಿ ಪವಾಡದ್ದು ಕಣ್ರೀ."

ನಾನು ಮೂಲೆಯಲ್ಲಿ ಕೂತು ಹಿಟ್ಟು ಜರಡಿ ಹಿಡಿಯುತ್ತ ಇದನ್ನೆಲ್ಲ ಕೇಳುತ್ತಿದ್ದೆ. ನಗುತ್ತಿದ್ದೆ.

ಈ ಸುಳ್ಳು ಅವನಿಗೆ ಎಲ್ಲಿಂದ ಬಂತು ಎಂಬುದು ನನಗೆ ಗೊತ್ತು. ನಮ್ಮ ಅಪ್ಪ ಚರ್ಚಿನ ಸಭೆಯಲ್ಲಿ ಬೋಧನೆ ಮಾಡುವ ಉಪದೇಶಿ. ದೈವಭಕ್ತ, ಆದರೆ ಕೋಲಿನ ಕೈ. ಒಂದು ಚಳಿಗಾಲ ನಮ್ಮನ್ನು ಅನಾಥಾಲಯಕ್ಕೆ ಕರೆದುಕೊಂಡು ಹೋಗಿ, ಅಮ್ಮ ಆಗ ತಾನೇ ಹೆಣೆದು ಕೊಟ್ಟಿದ್ದ ಸ್ವೆಟರನ್ನು ತಮ್ಮನ ಮೈಯಿಂದ ಬಿಚ್ಚಿಸಿದರು. "ಕೊಡು. ನಗ್ತಾ ಕೊಡು" ಎಂದರು. ಕೋಲು ಕಂಕುಳಲ್ಲೇ ಇತ್ತು. ತಮ್ಮ ಕೊಟ್ಟ, ನಕ್ಕ ಹಾಗೆ ಮಾಡಿದ. ಅಲ್ಲಿಯ ಒಬ್ಬ ಹುಡುಗ ಅದನ್ನು ತೆಗೆದುಕೊಂಡು ತಗ್ಗಿದ ದನಿಯಲ್ಲಿ ಉಪಕಾರವಾಯಿತು ಎಂದ. ಅಪ್ಪನಿಗೆ ಸಾಲಲಿಲ್ಲ. "ಗಟ್ಟಿಯಾಗಿ ಹೇಳು, ಎಲ್ಲರಿಗೂ ಕೇಳಿಸಲಿ" ಎಂದು ಅವನಿಗೂ ಕೋಲು ತೋರಿಸಿದರು. ಅವನು ಗಟ್ಟಿಯಾಗಿ ಹೇಳಿದ. ಹೇಳುವಾಗ ಅವನ ಮುಖ ಹೇಗಾಯಿತು ಎಂದು ತಮ್ಮ ದೊಡ್ಡವನಾದ ಮೇಲೂ ಹೇಳುತ್ತಿದ್ದ. "ಕೊಟ್ಟ ನನಗೂ ಕೋಲು, ತಗೊಂಡ ಅವನಿಗೂ ಕೋಲು. ದಾನ ಮಾಡಿದ್ದು ಯಾರಕ್ಕ ಹಾಗಾದ್ರೆ? ಕೋಲು ತಾನೇ?"

ಅಲ್ಲಿಂದಲೇ ಅವನ ತಲೆಯಲ್ಲಿ ಒಂದು ಗೂಟ ನೆಟ್ಟುಹೋಯಿತು. ಹೇರಿ ಕೊಡಿಸಿದ್ದು ಧರ್ಮವಲ್ಲ, ಹೇರಿ ಮಾಡಿಸಿದ್ದು ಪ್ರಾರ್ಥನೆಯಲ್ಲ. ತನ್ನ ಮಕ್ಕಳನ್ನು ಒಂದು ದಿನವೂ ಎಳೆದುಕೊಂಡು ಚರ್ಚಿಗೆ ಹೋಗಲಿಲ್ಲ. ಅವು ಬಂದರೆ ಬಂದವು. ನಿರ್ಗತಿಕರಿಗೆ ರಾತ್ರಿ ತಂಗುವ ಮನೆ ಕಟ್ಟಲು ನಗರಸಭೆ ಮನೆಮನೆಗೂ ಒಂದು ತೆರಿಗೆ ಹಾಕಿದಾಗ, ಊರೆಲ್ಲ ಗೊಣಗುತ್ತ ಒಪ್ಪಿಕೊಂಡಿತು. ಊರಿನವರ ಸಭೆಯಲ್ಲಿ ಎದ್ದು ನಿಂತು ಬೇಡವೆಂದವನು ಇವನೊಬ್ಬನೇ. "ಜೇಬಿಗೆ ಕೈ ಹಾಕಿ ತೆಗೆದುಕೊಂಡು ಅದಕ್ಕೆ ದಯೆ ಅಂತ ಹೆಸರಿಡಬೇಡಿ. ಅಪ್ಪನ ಕೋಲು ಗಿಡ್ಡದಿತ್ತು, ಸರ್ಕಾರ ಅನ್ನೋ ಈ ದೊಡ್ಡಪ್ಪಂದು ಉದ್ದ, ಅಷ್ಟೇ ವ್ಯತ್ಯಾಸ" ಎಂದ. ಬಡವರ ವಿರೋಧಿ ಎಂದು ಹೆಸರು ಬಂತು. ತಂಗುಮನೆ ಕಟ್ಟಿದರು. ಒಂದು ಮಳೆಗಾಲ ಜನ ಮಲಗಿದರು. ಆಮೇಲೆ ನಗರಸಭೆಯವರು ಅದರಲ್ಲಿ ಸಿಮೆಂಟ್ ಮೂಟೆ ಪೇರಿಸಿ ಬೀಗ ಹಾಕಿದರು.

ನನಗೆ ತಮ್ಮನ ವಾದ ಪೂರಾ ಒಪ್ಪಿಗೆಯಾಗಿರಲಿಲ್ಲ. ಒಂದು ಮಳೆಗಾಲವಾದರೂ ಒಣಗಿದ ನೆಲದಲ್ಲಿ ಮಲಗಿದರಲ್ಲ ಎನ್ನುತ್ತಿದ್ದೆ. "ನಿನಗೆ ಜ್ವರ ಬಂದು ಮಲಗಿದರೆ ಆ ಭಾನುವಾರ ಅವರ ಹೊಟ್ಟೆಗೆ ಏನೋ?" ಎಂದರೆ, "ನನಗೆಲ್ಲಿ ಜ್ವರ ಬರತ್ತಕ್ಕ, ಭಟ್ಟಿ ಮುಂದೆ ಕೂತೋನಿಗೆ" ಎಂದು ಹಾರಿಸಿಬಿಡುತ್ತಿದ್ದ.

ನಮ್ಮ ಸಭೆಯಲ್ಲಿ ಒಬ್ಬ ಹಿರಿಯ. ಜವಳಿ ಅಂಗಡಿಯವನು, ನಗರಸಭೆಯ ಸದಸ್ಯನೂ ಹೌದು. ಸದಾ ಅತ್ತರು ಹಾಕಿದ ಕರ್ಚೀಫು ಕೈಯಲ್ಲಿ ಹಿಡಿದಿರುತ್ತಿದ್ದರಿಂದ ಬೆನ್ನ ಹಿಂದೆ ಎಲ್ಲರೂ ಅವನನ್ನು ಕರ್ಚೀಫು ಎನ್ನುತ್ತಿದ್ದರು. ಚರ್ಚಿನಲ್ಲಿ ಅವನ ಬೆಂಚು ಓಣಿಯ ಕಡೆಯ ಕಿಟಕಿಗೆ ಹತ್ತಿರ. ಸಾಲಿನಲ್ಲಿ ನಿಂತವರ ಕೆಮ್ಮು, ಕೂಸುಗಳ ಅಳು, ತೊಳೆಯದ ಬಟ್ಟೆಯ ವಾಸನೆ ಎಲ್ಲವೂ ಅವನ ಪ್ರಾರ್ಥನೆಯ ನಡುವೆ ನುಗ್ಗುತ್ತಿದ್ದವು. ಒಂದು ಭಾನುವಾರ ಆರಾಧನೆ ಮುಗಿದು ಎಲ್ಲರೂ ಮೆಟ್ಟಿಲ ಮೇಲೆ ನಿಂತಿದ್ದಾಗ ತಮ್ಮನನ್ನು ಹಿಡಿದ.

"ಏನಪ್ಪಾ ಬೇಕರಿ, ಹೆಂಗಸರು ಮಕ್ಕಳು ಮೂಗು ಮುಚ್ಕೊಂಡು ದೇವರ ಮನೆಗೆ ಬರಬೇಕಾ?"

"ನಿಮ್ಮ ಕರ್ಚೀಫು ದೊಡ್ಡದಿದೆಯಲ್ಲ ಯಜಮಾನ್ರೇ. ಅರ್ಧ ಹರಿದು ಹಂಚಿ."

ಸುತ್ತಲಿದ್ದವರು ನಕ್ಕುಬಿಟ್ಟರು. ಪಾದ್ರಿಗಳೂ ಕೆಮ್ಮುವ ಹಾಗೆ ಮಾಡಿ ನಕ್ಕರು. ಹಿರಿಯನೂ ನಕ್ಕ, ಆದರೆ ಕಿವಿ ಕೆಂಪಾಯಿತು. "ತಮಾಷೆ ಬಿಡು. ಬಡವರನ್ನ ನೋಡ್ಕೊಳ್ಳೋಕೆ ಇಲಾಖೆ ಅಂತ ಇದೆ. ಕಂಡಕಂಡೋರೆಲ್ಲ ಕಂಡಕಂಡಲ್ಲಿ ದಯೆ ತೋರಿಸ್ತಾ ಹೋದ್ರೆ ಊರು ಊರಾಗಿ ಉಳಿಯಲ್ಲ."

"ಕಂಡವರಿಗೆ ತೋರಿಸದೆ ಕಾಣದವರಿಗೆ ತೋರಿಸೋಕಾಗತ್ತಾ?" ಎಂದು ತಮ್ಮ ಮೆಟ್ಟಿಲಿಳಿದ.

ಆ ನಗು ಹಿರಿಯನಿಗೆ ಜೀರ್ಣವಾಗಲಿಲ್ಲ. ಮುಂದಿನ ತಿಂಗಳ ಮೊದಲ ಭಾನುವಾರ, ಕಿಟಕಿ ತೆರೆದು ಸ್ವಲ್ಪ ಹೊತ್ತಿಗೆ, ನಗರಸಭೆಯ ಆರೋಗ್ಯ ಇನ್ಸ್‌ಪೆಕ್ಟರು ಓಣಿಗೆ ಬಂದರು. ಸ್ಕೂಟರು ನಿಲ್ಲಿಸಿ, ಕೈಗೆ ಪ್ಲಾಸ್ಟಿಕ್ ಗವಸು ಹಾಕಿಕೊಂಡು, ಸಾಲಿನ ಮುಂದಿದ್ದ ಹೆಂಗಸಿನ ಕೈಯಿಂದ ಬ್ರೆಡ್ಡು ತೆಗೆದುಕೊಂಡರು.

"ಏನಮ್ಮ, ಇದೆಂಥ ಬ್ರೆಡ್ಡು?"

ಅವಳು ತಮ್ಮನಿಗೆ ಒಳ್ಳೆಯ ಹೆಸರು ತರುತ್ತೇನೆಂದುಕೊಂಡು ಎದೆಯುಬ್ಬಿಸಿ ಹೇಳಿದಳು. "ಮಾರಿ ಉಳಿದದ್ದು ಸ್ವಾಮಿ. ಯಜಮಾನ್ರು ಎಸೆಯೋ ಬದ್ಲು ನಮಗೆ ಕೊಡ್ತಾರೆ. ನಾವು ತಗೊಂಡೋಗ್ದಿದ್ರೆ ಪಾಪ, ಎಲ್ಲಾ ಹಾಳಾಗತ್ತೆ."

ಅವಳ ಹಿಂದೆ ರೈಲ್ವೆ ಸ್ಟೇಷನ್ನಿನ ಹಳೆಯ ಹಮಾಲಿ ನಿಂತಿದ್ದ. ಎದುರಿಗೆ ಬಂದವರಿಗೆಲ್ಲ, ದೀಪದ ಕಂಬಕ್ಕೂ ಬಿಡದೆ, ಸಲಾಮು ಹೊಡೆಯುತ್ತಿದ್ದ ಅವನಿಗೆ ಸಲಾಮು ಎಂದೇ ಹೆಸರು. ಇನ್ಸ್‌ಪೆಕ್ಟರಿಗೂ ಒಂದು ಹೊಡೆದು, "ಹೌದು ಸಾರ್, ಹಳೇದೇ. ಆದ್ರೂ ಹೊಸದರ ಹಾಗೇ ಇರತ್ತೆ" ಎಂದ.

ಇನ್ಸ್‌ಪೆಕ್ಟರು ಹೆಬ್ಬೆರಳಿನಿಂದ ಬ್ರೆಡ್ಡು ಒತ್ತಿದರು. ಅದು ಮೆತ್ತಗೆ ತಗ್ಗಿ ಮತ್ತೆ ಎದ್ದುಕೊಂಡಿತು. ಅವರಿಗೆ ಗೊತ್ತಾಯಿತು, ಅವರ ಹುಬ್ಬಿನಲ್ಲೇ ನಾನು ಕಂಡೆ. ಕಿಟಕಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಯಜಮಾನ್ರೇ, ಮಾರಿ ಉಳಿದ ಹಳೇ ತಿಂಡಿ ಜನರಿಗೆ ಹಂಚೋದು ಅಪರಾಧ. ನಿಮ್ಮ ಲೈಸೆನ್ಸೇ ಹೋಗತ್ತೆ. ಇದು ನಿನ್ನೆ ಮಾಡಿದ್ದು, ಇವರಿಗೋಸ್ಕರವೇ ಮಾಡಿದ್ದು ಅಂತ ಒಂದು ಮಾತು ಹೇಳಿ, ನಾನು ಹೋಗ್ತೀನಿ" ಎಂದರು.

ತಗ್ಗಿದ ದನಿಯಾದರೂ ಓಣಿ ಕಿರಿದು. ಸಾಲು ಪೂರಾ ಕಿವಿಯಾಗಿ ನಿಂತಿತ್ತು. ತಮ್ಮ ಆ ಹೆಂಗಸನ್ನು ನೋಡಿದ. ವಾರವಾರವೂ ಒಬ್ಬ ಯಜಮಾನನ ಬ್ರೆಡ್ಡು ಹಾಳಾಗದಂತೆ ಕಾಪಾಡುತ್ತಿರುವ ಗತ್ತು ಅವಳ ಮುಖದಲ್ಲಿತ್ತು.

"ಉಳಿದದ್ದೇ ಸಾರ್" ಎಂದ ತಮ್ಮ.

ಇನ್ಸ್‌ಪೆಕ್ಟರು ನಿಟ್ಟುಸಿರು ಬಿಟ್ಟು ಬರೆದುಕೊಂಡರು. ಬುಟ್ಟಿಯಲ್ಲಿದ್ದ ಬ್ರೆಡ್ಡನ್ನೆಲ್ಲ ಗೋಣಿಗೆ ತುಂಬಿಸಿ ಕಸದ ಗಾಡಿಗೆ ಹಾಕಿಸಿದರು.

ಅದೇ ಹೊತ್ತಿಗೆ ಗೋಡೆಯ ಆಚೆ, ಕ್ರಿಸ್ತನ ದೇಹವೆಂದು ಬ್ರೆಡ್ಡು ಹಂಚುವ ಪ್ರಭುಭೋಜನ ನಡೆಯುತ್ತಿತ್ತು. ಅಲ್ಲಿ ಪಾದ್ರಿಗಳು ಮುರಿಯುತ್ತಿದ್ದ ಬ್ರೆಡ್ಡೂ ಶನಿವಾರದ ಅದೇ ಸುತ್ತಿನದು, ಅದೇ ಹಿಟ್ಟಿನದು. ನಾನು ತಡವಾಗಿ ಒಳಗೆ ಹೋದಾಗ ಹಿರಿಯ ಕಣ್ಣು ಮುಚ್ಚಿ ಬಾಯಿ ತೆರೆದು ಮೊಣಕಾಲೂರಿದ್ದ. ತುಂಡು ಅವನ ನಾಲಿಗೆಯ ಮೇಲೆ ಬಿತ್ತು. ಗಂಟಲಿನ ಗಂಟು ಮೇಲೆ ಹೋಗಿ ಕೆಳಗಿಳಿಯಿತು. ಆಮೇಲೆ ಕರ್ಚೀಫಿನಿಂದ ತುಟಿ ಒರೆಸಿಕೊಂಡ. ಆ ದಿನ ನನ್ನ ಪಾಲಿನದು ನುಂಗಲು ಆಗದೆ ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.

ವಿಚಾರಣೆಗೆಂದು ನಗರಸಭೆಯ ಕಚೇರಿಗೆ ಕರೆದರು. ತಮ್ಮ, ನಾದಿನಿ, ನಾನು ಹೋದೆವು. ಹಸಿರು ಬಟ್ಟೆ ಹಾಸಿದ ಮೇಜು, ಅದರ ತುಂಬ ಚಹಾ ಲೋಟದ ಉಂಗುರಗಳು. ಅಧಿಕಾರಿಯ ಪಕ್ಕದಲ್ಲಿ ಹಿರಿಯ. ಗೋಡೆಯ ಬೆಂಚಿನಲ್ಲಿ ನಮ್ಮ ಪಾದ್ರಿಗಳು, ಅವರನ್ನು ಸಾಕ್ಷಿಗೆ ಕರೆಸಿದ್ದರು.

ಅಧಿಕಾರಿ ಕೆಟ್ಟ ಮನುಷ್ಯನಲ್ಲ. ನಿಯಮ ಓದಿ ಹೇಳಿದರು. ಹಳೆಯದನ್ನು ಹಂಚುವ ಹಾಗಿಲ್ಲ. ಹೊಸದನ್ನು ಹಂಚಬಹುದು, ಆದರೆ ಅದು ದಾನದ ಕೇಂದ್ರವಾಗುತ್ತದೆ. ದಾನದ ಕೇಂದ್ರವೆಂದರೆ ಬೋರ್ಡು ಹಾಕಬೇಕು. ಬೋರ್ಡಿನಲ್ಲಿ 'ಉಚಿತ ದಾನ, ನಿರ್ಗತಿಕರಿಗೆ ಮಾತ್ರ' ಎಂದಿರಬೇಕು, ಎಲ್ಲರಿಗೂ ಕಾಣಬೇಕು. ಅಷ್ಟು ಮಾಡಿದರೆ ಲೈಸೆನ್ಸು ಉಳಿಯುತ್ತದೆ.

"ಕೊಡೋದಕ್ಕೆ ಬೋರ್ಡು ಯಾಕೆ ಸಾರ್?" ಎಂದ ತಮ್ಮ.

"ಯಾರೋ ಏನೋ ಕೊಟ್ಟು ಯಾರೋ ತಿಂದು ಸತ್ತರೆ ನಾವು ಯಾರನ್ನ ಹಿಡಿಯೋಣ? ನಿಮ್ಮ ಮೇಲೆ ನನಗೆ ಅನುಮಾನ ಇಲ್ಲ. ನಿಯಮ ನಿಮ್ಮೊಬ್ಬರಿಗಲ್ಲ."

ಹಿರಿಯ ನಡುವೆ ಬಾಯಿ ಹಾಕಿದ. "ಸರ್ಕಾರ ಬೇಡ, ಸರ್ಕಾರ ಬೇಡ ಅಂತ ಹಾಡ್ತಿದ್ದೆ. ಈಗ ಸರ್ಕಾರದ ಲೈಸೆನ್ಸು ಮಾತ್ರ ಬೇಕು, ಅಲ್ವೇನಪ್ಪ?"

"ಅದನ್ನ ನಾನು ಕೇಳ್ಕೊಂಡು ಬಂದಿರಲಿಲ್ಲ ಯಜಮಾನ್ರೇ. ಬ್ರೆಡ್ಡು ಸುಡೋಕೆ ನಿಮ್ಮಪ್ಪಣೆ ಬೇಕು ಅಂತ ನೀವೇ ತಂದು ಗೋಡೆಗೆ ಹೊಡೆದದ್ದು."

ಅಧಿಕಾರಿ ಪಾದ್ರಿಗಳ ಕಡೆ ತಿರುಗಿದರು. ಪ್ರಭುಭೋಜನದ ಬ್ರೆಡ್ಡಿಗೆಂದು ಪಾದ್ರಿಗಳು ತಿಂಗಳಿಗೊಮ್ಮೆ ಶನಿವಾರ ತಾವೇ ಬರುತ್ತಿದ್ದರು. ಭಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು, ಬಿಸಿ ಬನ್ನು ಊದಿಕೊಂಡು ತಿನ್ನುತ್ತ, ಎರಡನೆಯ ಸುತ್ತಿನ ಹಿಟ್ಟು ಯಾರಿಗೆಂದು ಕೇಳಿ ತಿಳಿದುಕೊಂಡವರು. "ಧನ್ಯನಪ್ಪ ನೀನು" ಎಂದೂ ಅಂದವರು.

"ಅಯ್ಯನವರೇ, ಇದು ಹಳೇದೋ ಹೊಸದೋ, ನಿಮಗೆ ಗೊತ್ತಿದೆಯಾ?"

ಪಾದ್ರಿಗಳು ಹಿರಿಯನನ್ನು ನೋಡಿದರು. ಚರ್ಚಿನ ಚಾವಣಿ ದುರಸ್ತಿ ಆಗಬೇಕಿತ್ತು, ಅದನ್ನು ಮಾಡಿಸಿಕೊಡುತ್ತೇನೆಂದವನು ಹಿರಿಯ. "ನಾನು ಆತ್ಮಗಳನ್ನ ನೋಡ್ಕೊಳ್ಳೋನು. ಬ್ರೆಡ್ಡಿನ ವಿಷಯ ಅಧಿಕಾರಿಗಳಿಗೆ ಬಿಟ್ಟದ್ದು. ಅಧಿಕಾರಕ್ಕೆ ತಲೆಬಾಗೋದೂ ಭಕ್ತಿಯೇ" ಎಂದರು. ಮಾತು ಮುಗಿದ ಮೇಲೆ ತಮ್ಮನ ಕಡೆ ನೋಡಿ ಕರುಣೆಯಿಂದ ಮುಗುಳ್ನಕ್ಕರು. ಆ ಸುಳ್ಳು ನನಗೆ ಅಷ್ಟು ಹೇಸಿಗೆಯಾಗಲಿಲ್ಲ, ಆ ಕರುಣೆ ಆಯಿತು.

ಅಧಿಕಾರಿ ಒಂದು ಭಾನುವಾರದ ಅವಕಾಶ ಕೊಟ್ಟರು. ಬೋರ್ಡು ಹಾಕಬೇಕು, ಇಲ್ಲವೇ ಕಿಟಕಿ ಮುಚ್ಚಬೇಕು. ಎರಡೂ ಆಗದಿದ್ದರೆ ಅಂಗಡಿ ಮುಚ್ಚುತ್ತದೆ.

ಮನೆಗೆ ಬಂದು ನಾದಿನಿ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು. "ಹಾಕಿಬಿಡಿ ಅತ್ಲಾಗೆ. ಒಂದು ತಗಡು ತಾನೇ? ಅವರಲ್ಲಿ ಓದೋಕೆ ಯಾರಿಗೆ ಬರತ್ತೆ?"

"ಸಲಾಮಿಗೆ ಬರತ್ತೆ. ಸ್ಟೇಷನ್ನಿನ ಬೋರ್ಡು ಓದಿ ಓದಿ ಕಲ್ತಿದ್ದಾನೆ."

"ಒಬ್ಬ ಸಲಾಮಿಗೋಸ್ಕರ ನನ್ನ ಮಕ್ಕಳು ಬೀದೀಲಿ ನಿಲ್ಲಬೇಕಾ? ಹೋಗಲಿ, ಕಿಟಕೀನೇ ಮುಚ್ಚಿ. ನೀವೇ ತಾನೇ ಹೇಳೋದು, ಬಲವಂತದ ದಯೆ ದಯೆಯಲ್ಲ ಅಂತ? ಈಗ ನಿಮ್ಮ ದಯೆ ನನ್ನ ಮೇಲೆ ಬಲವಂತ ಆಗ್ತಿದೆ, ಅದು ಕಾಣ್ಸಲ್ವಾ?"

ತಮ್ಮನನ್ನು ಯಾರೂ ಹಾಗೆ ಕಟ್ಟಿಹಾಕಿದ್ದನ್ನು ನಾನು ಕಂಡಿರಲಿಲ್ಲ. ಅವನು ಎದ್ದು ಭಟ್ಟಿಯ ಬೂದಿ ಕೆದಕಲು ಹೋದ. ಶನಿವಾರ ಎಂದಿನ ಹಾಗೆ ಎರಡನೆಯ ಸುತ್ತು ನಾದಿದ. ಆ ದಿನ ನಾದಿನಿ ಎಷ್ಟು ಉಳಿಯಬೇಕೆಂದು ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದದ್ದೇ ತಡ, ನಾದಿನಿ ಮಂಚದ ಕೆಳಗಿನಿಂದ ತಗಡು ಎಳೆದಳು. ಪೇಂಟರನ ಹತ್ತಿರ ಗುಟ್ಟಾಗಿ ಬರೆಸಿಟ್ಟಿದ್ದಳು. ಕೆಂಪು ಅಕ್ಷರ, ಬಣ್ಣ ಇನ್ನೂ ಸರಿಯಾಗಿ ಆರಿರಲಿಲ್ಲ. ಕಿಟಕಿಯ ಸರಳಿಗೆ ತಂತಿಯಿಂದ ಕಟ್ಟಿ, ಬ್ರೆಡ್ಡಿನ ಬುಟ್ಟಿ ಎದುರಿಗಿಟ್ಟುಕೊಂಡು ತಾನೇ ನಿಂತಳು. ನಾನು ತಡೆಯಲಿಲ್ಲ. ಮಕ್ಕಳ ಮುಖ ನನಗೂ ಕಾಣುತ್ತಿತ್ತು. ಓಣಿಯ ತುದಿಯಲ್ಲಿ ಇನ್ಸ್‌ಪೆಕ್ಟರು ಸ್ಕೂಟರಿಗೆ ಒರಗಿ ನಿಂತಿದ್ದರು.

ಹೋದ ಸಲ ಮುಂದೆ ನಿಂತಿದ್ದ ಹೆಂಗಸು ಬ್ರೆಡ್ಡು ತೆಗೆದುಕೊಂಡು, ಬೋರ್ಡು ನೋಡಿ ಹಿಂದೆ ತಿರುಗಿದಳು. "ಏ ಸಲಾಮು, ಏನು ಬರ್ದಿದೆಯೋ?"

ಅವನು ಒಂದೊಂದೇ ಅಕ್ಷರ ಕೂಡಿಸಿ ಓದಿದ. "ಉಚಿತ ದಾನ. ನಿರ್ಗತಿಕರಿಗೆ ಮಾತ್ರ."

"ನಿರ್ಗತಿಕರು ಅಂದ್ರೆ?"

"ಗತಿ ಇಲ್ದೋರು."

"ಯಾರು?"

ಸಲಾಮು ಸಾಲನ್ನು ತುದಿಯವರೆಗೆ ನೋಡಿದ. "ನಾವೇ ಕಣಮ್ಮ."

ಅವಳು ಕೈಯಲ್ಲಿದ್ದ ಬ್ರೆಡ್ಡನ್ನೂ ನಾದಿನಿಯನ್ನೂ ನೋಡಿದಳು. "ಹಾಗಾದ್ರೆ ಇದು ಉಳಿದದ್ದಲ್ವಾ? ಇಷ್ಟು ದಿನವೂ ಅಲ್ವಾ?" ಎಂದಳು. ನಾದಿನಿ ಬುಟ್ಟಿಯಿಂದ ಮುಂದಿನ ಬ್ರೆಡ್ಡು ಎತ್ತಿಕೊಂಡಳು. ಆ ಹೆಂಗಸು ಬ್ರೆಡ್ಡನ್ನು ವಾಪಸು ಇಡಲಿಲ್ಲ, ಕಂಕುಳಲ್ಲಿ ಕೂಸಿತ್ತು. ಸೆರಗಿನೊಳಗೆ ಅವಿಸಿಕೊಂಡು, ಗೋಡೆಯ ಪಕ್ಕದಲ್ಲೇ, ಕದ್ದವಳ ಹಾಗೆ ಹೊರಟುಹೋದಳು. ಸಲಾಮು ತನ್ನ ಸರದಿ ಬಂದಾಗ ಕೈ ಚಾಚಲಿಲ್ಲ, ಹಣೆಗೂ ಎತ್ತಲಿಲ್ಲ. ಎರಡೂ ಕೈಯನ್ನು ಜೇಬಿಗೆ ತುರುಕಿಕೊಂಡು ಸ್ಟೇಷನ್ನಿನ ಕಡೆ ನಡೆದ. ಉಳಿದವರು ತೆಗೆದುಕೊಂಡರು, ಆದರೆ ಯಾರೂ ತಲೆಯೆತ್ತಲಿಲ್ಲ.

ತಮ್ಮ ಒದ್ದೆ ತಲೆಯಲ್ಲೇ ಬಂದ. ಕಿಟಕಿಯಲ್ಲಿ ಬೋರ್ಡಿನ ಬೆನ್ನು ಕಂಡು ನಿಂತ. ತಂತಿ ಬಿಚ್ಚಿ, ತಗಡನ್ನು ಕೈಯಲ್ಲಿ ಹಿಡಿದು, ಓಣಿಯ ತುದಿಯವರೆಗೆ ನಡೆದು ಹೋಗಿ ಇನ್ಸ್‌ಪೆಕ್ಟರ ಸ್ಕೂಟರಿನ ಸೀಟಿನ ಮೇಲೆ ಇಟ್ಟ. ಅವನ ಅಂಗೈಯೆಲ್ಲ ಕೆಂಪು ಬಣ್ಣವಾಗಿತ್ತು. ಆಮೇಲೆ ಬಂದು ಮಿಕ್ಕ ಬ್ರೆಡ್ಡನ್ನು ತಾನೇ ಹಂಚಿದ. ಉಳಿದದ್ದು ಎಂಬ ಮಾತು ಇನ್ನು ನಡೆಯುವ ಹಾಗಿರಲಿಲ್ಲ.

ಅದೇ ವಾರ ಅಂಗಡಿಗೆ ಸೀಲು ಬಿತ್ತು.

ಈಗ ಅವನು ಊರಾಚೆಯ ದೊಡ್ಡ ಬ್ರೆಡ್ ಕಾರ್ಖಾನೆಯಲ್ಲಿ ಕೂಲಿಗೆ ಹೋಗುತ್ತಾನೆ. ಅಲ್ಲಿ ಯಂತ್ರ ನಾದುತ್ತದೆ, ಇವನು ಟ್ರೇ ಎಳೆಯುತ್ತಾನೆ. ಅಂಗಡಿಗಳಿಂದ ವಾಪಸು ಬಂದ ಬ್ರೆಡ್ಡನ್ನು ಹಿತ್ತಲಿನಲ್ಲಿ ಗುಡ್ಡೆ ಹಾಕಿ ಅದರ ಮೇಲೆ ಫಿನಾಯಿಲು ಸುರಿಯುವುದೂ ಅವನ ಪಾಲಿನ ಕೆಲಸ. ಯಾರಾದರೂ ಎತ್ತಿಕೊಂಡು ತಿಂದು ಹೆಚ್ಚುಕಡಿಮೆಯಾದರೆ ಎಂಬ ಭಯಕ್ಕೆ ಹಾಗೆ. ಬೇಲಿಯಾಚೆ ಜನ ನಿಂತು ನೋಡುತ್ತಿರುತ್ತಾರಂತೆ. ಬಿಳಿ ಬ್ರೆಡ್ಡು ಹೀರಿಕೊಂಡು ಹೀರಿಕೊಂಡು ಕಂದುಬಣ್ಣದ ಗಂಜಿಯಾಗುವವರೆಗೆ ಇವನು ಸುರಿಯುತ್ತಾನೆ. ಮನೆಗೆ ಬಂದು ಎಷ್ಟು ಸೋಪು ಹಚ್ಚಿದರೂ ಕೈಯ ವಾಸನೆ ಹೋಗುವುದಿಲ್ಲ. ಊಟದ ತಟ್ಟೆಯ ಹತ್ತಿರ ಕೈ ತಂದಾಗ ಅವನೇ ಮುಖ ಸಿಂಡರಿಸುತ್ತಾನೆ.

ಓಣಿ ಈಗ ಚೊಕ್ಕಟವಾಗಿದೆ. ನಗರಸಭೆಯವರು ಹೂಕುಂಡ ಇಟ್ಟಿದ್ದಾರೆ. ಚಾವಣಿ ದುರಸ್ತಿಯಾಯಿತು. ಒಳ್ಳೆಯ ಆಡಳಿತಗಾರರನ್ನು ಕೊಟ್ಟದ್ದಕ್ಕೆ ಪಾದ್ರಿಗಳು ದೇವರಿಗೆ ಸ್ತೋತ್ರ ಹೇಳಿದರು, ಸಭೆಯೆಲ್ಲ ಆಮೆನ್ ಎಂದಿತು. ಅದರಲ್ಲಿ ತಮ್ಮನ ಬ್ರೆಡ್ಡು ತಿಂದು ಹಲ್ಲು ಮೂಡಿಸಿಕೊಂಡವರೇ ಅರ್ಧ ಜನ.

ಸೀಲು ಬಿದ್ದು ಕಾರ್ಖಾನೆ ಸೇರಿದ ಮೇಲೆ ಕೆಲವು ಭಾನುವಾರ ತಮ್ಮ ಆರಾಧನೆಗೆ ಹೋಗದೆ ಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಸಾಲು ಬರುತ್ತದೆಂದು ಕಾಯುತ್ತಿದ್ದಾನೆಂದು ನಾನು ತಿಳಿದಿದ್ದೆ. ಅವನು ನೋಡುತ್ತಿದ್ದದ್ದು ಎದುರು ಸಾಲಿನ ಮನೆಗಳ ಅಡುಗೆಮನೆಗಳನ್ನು. ಎಲ್ಲವೂ ನಮ್ಮ ಸಭೆಯವರ ಮನೆಗಳೇ, ಎಲ್ಲದರ ಹಿಂಬದಿಯೂ ಓಣಿಗೇ ತೆರೆಯುತ್ತದೆ. ಮನೆಯಲ್ಲಿ ಮಾಡಿದ್ದನ್ನು ಒಬ್ಬರಿಗೆ ಕೊಡಲು ಲೈಸೆನ್ಸು ಬೇಕಿಲ್ಲ, ಬೋರ್ಡು ಬೇಕಿಲ್ಲ, ಯಾರೂ ತಡೆದಿರಲಿಲ್ಲ. ಆ ಹೆಂಗಸು ಕೂಸಿನೊಂದಿಗೆ ಎರಡು ಸಲ ಓಣಿಯ ತುದಿಯಿಂದ ತುದಿಯವರೆಗೆ ನಡೆದು ಹೋದಳು. ಒಳಗೆ ಒಗ್ಗರಣೆಯ ಸದ್ದು ಕೇಳಿಸುತ್ತಿತ್ತು. ಒಬ್ಬರು ಪರದೆ ಎಳೆದುಕೊಂಡರು.

"ಯಾರೂ ಬಾಗಿಲು ತೆಗೀಲಿಲ್ಲಕ್ಕ" ಎಂದ ತಮ್ಮ.

ನಾನು ಅವನ ಪಕ್ಕದಲ್ಲಿ ಕೂತೆ. ಸುಮ್ಮನಿರಬೇಕಿತ್ತು, ಆದರೂ ಕೇಳಿದೆ. "ಈಗ ಹೇಳು. ಸರ್ಕಾರದೋರು ಇವರ ಮನೆಮನೆಗೂ ನುಗ್ಗಿ ಕಿತ್ತುಕೊಂಡು ಅವಳಿಗೆ ಕೊಟ್ಟಿದ್ರೆ ತಪ್ಪಾಗ್ತಿತ್ತಾ?"

ಅವನು ಹೂಕುಂಡಗಳ ಕಡೆ ಮುಖ ತಿರುಗಿಸಿದ.

"ತಪ್ಪೇ ಅಂತೀನಿ, ಈಗಲೂ" ಎಂದ. "ಆದ್ರೆ ಅವಳ ಮುಂದೆ ನಿಂತು ಹೇಳೋಕೆ ನಾಲಿಗೆ ಏಳಲ್ಲ."

ಚರ್ಚಿನಲ್ಲಿ ಆರಾಧನೆ ಮುಗಿದು ಜನ ಹೊರಗೆ ಬರುವ ಸದ್ದಾಯಿತು. ಯಾರಿಗೂ ಮುಖ ತೋರಿಸುವ ಮನಸ್ಸಿಲ್ಲದೆ ಅವನು ಎದ್ದು ಒಳಗೆ ಹೋಗಿ, ಬಚ್ಚಲಲ್ಲಿ ಮತ್ತೊಮ್ಮೆ ಕೈ ತೊಳೆಯತೊಡಗಿದ.